ಆಸ್ಪತ್ರೆಯ ಸಾಫ್ಟ್‌ವೇರ್ ಬಳಸಲು ಸಲೀಸಾಗಿದೆಯೇ ಎಂದು ನೋಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಏಳು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಈಗ ಆಸ್ಪತ್ರೆ, ಲ್ಯಾಬ್, ನರ್ಸಿಂಗ್ ಹೋಮ್‌ಗಳಲ್ಲಿ ಬಳಸುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುತ್ತೇನೆ. ಅದು ಲೆಕ್ಕ ಸರಿಯಾಗಿ ಮಾಡುತ್ತದೆಯೇ ಎಂದಲ್ಲ. ಬಳಸುವವರ ಕೈಗೆ ಅದು ಒಗ್ಗುತ್ತದೆಯೇ ಎಂದು. ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಡಾಕ್ಟರುಗಳು, ಮ್ಯಾನೇಜರುಗಳು, ಹೊಸದಾಗಿ ಸಾಫ್ಟ್‌ವೇರ್ ಬರೆಯುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಎಲ್ಲರೂ ಕೇಳೋದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು.

ಬಳಸಲು ಸುಲಭ ಅಂದರೆ ಏನು? ಸ್ಕ್ರೀನ್ ಚೆಂದ ಕಾಣೋದಾ?

ಅಲ್ಲ. ಚೆಂದ ಕಾಣುವ ಸ್ಕ್ರೀನಿನಲ್ಲೂ ತಪ್ಪು ಔಷಧಿ ಬರೆಯಬಹುದು.

ಇದಕ್ಕೆ ಒಂದು ಅಂತಾರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 9241-11. 1998ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. ಅದು ಮೂರು ವಿಷಯ ನೋಡಿ ಎನ್ನುತ್ತದೆ. ಮಾಡಬೇಕಾದ ಕೆಲಸ ಸರಿಯಾಗಿ ಮುಗಿಯಿತೇ? ಅದಕ್ಕೆ ಎಷ್ಟು ಸಮಯ, ಎಷ್ಟು ಶ್ರಮ ಹಿಡಿಯಿತು? ಬಳಸಿದವರಿಗೆ ಸಮಾಧಾನ ಆಯಿತೇ? ಜೊತೆಗೆ ಇನ್ನೊಂದು ಮಾತು ಹೇಳುತ್ತದೆ, ನನಗೆ ಅದೇ ಮುಖ್ಯ. ಈ ಮೂರನ್ನೂ "ಯಾರು, ಯಾವ ಕೆಲಸಕ್ಕೆ, ಯಾವ ಪರಿಸ್ಥಿತಿಯಲ್ಲಿ" ಎಂದು ಗೊತ್ತುಮಾಡಿಕೊಂಡೇ ಅಳೆಯಬೇಕು.

ಬೆಂಗಳೂರಿನ ಏಸಿ ರೂಮಿನಲ್ಲಿ ಸಾಫ್ಟ್‌ವೇರ್ ಬರೆದವರಿಗೆ ಸುಲಭವಾದದ್ದು, ರಾತ್ರಿ ಎರಡು ಗಂಟೆಗೆ ಮೂವತ್ತು ಹಾಸಿಗೆ ನೋಡಿಕೊಳ್ಳುವ ಒಬ್ಬಳೇ ಸಿಸ್ಟರಿಗೆ ಸುಲಭ ಆಗಬೇಕೆಂದೇನೂ ಇಲ್ಲ.

ಸಿಬ್ಬಂದಿಗೆ ಚೆನ್ನಾಗಿ ಟ್ರೈನಿಂಗ್ ಕೊಟ್ಟರೆ ಸಾಕಲ್ವಾ?

ಟ್ರೈನಿಂಗ್ ಬೇಕು. ಆದರೆ ಕೆಟ್ಟ ಸ್ಕ್ರೀನಿಗೆ ಅದು ಔಷಧಿ ಅಲ್ಲ. ಎರಡು ಘಟನೆ ಹೇಳುತ್ತೇನೆ.

1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಸಾಫ್ಟ್‌ವೇರಿನೊಳಗೆ ದೋಷ ಇತ್ತು ನಿಜ. ಕೆಲಸದಲ್ಲಿ ಪಳಗಿದ ಆಪರೇಟರ್ ಒಂದು ಅಕ್ಷರ ತಪ್ಪಾಗಿ ಒತ್ತಿ, ಹಿಂದೆ ಹೋಗಿ ಬೇಗ ತಿದ್ದಿದರೆ ಆ ದೋಷ ಎದ್ದು ಬರುತ್ತಿತ್ತು. ಆಗ ಸ್ಕ್ರೀನಿನಲ್ಲಿ ಬರುತ್ತಿದ್ದದ್ದು "ಮಾಲ್‌ಫಂಕ್ಷನ್ 54" ಎಂಬ ಎರಡೇ ಪದ. ಅಂದರೆ ಏನು? ರೋಗಿಗೆ ಅಪಾಯವೇ? ಅದು ಹೇಳುತ್ತಿರಲಿಲ್ಲ. ಆ ಯಂತ್ರ ದಿನಕ್ಕೆ ಎಷ್ಟೋ ಸಲ ಇಂಥ ಸಂದೇಶ ತೋರಿಸುತ್ತಿತ್ತು. ಒಂದು ಕೀ ಒತ್ತಿದರೆ ಮುಂದೆ ಹೋಗುತ್ತಿತ್ತು. ಆಪರೇಟರ್ ಒತ್ತಿದರು. ಇದನ್ನು ಯಾವ ಟ್ರೈನಿಂಗ್ ತಡೆಯುತ್ತಿತ್ತು ಹೇಳಿ?

ಎರಡನೆಯದು 2013ರದ್ದು, ಸ್ಯಾನ್ ಫ್ರಾನ್ಸಿಸ್ಕೋದ ಹೆಸರಾಂತ ಬೋಧನಾ ಆಸ್ಪತ್ರೆಯಲ್ಲಿ ನಡೆದದ್ದು. 16 ವರ್ಷದ ಹುಡುಗನಿಗೆ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಒಂದು ಮಾತ್ರೆ ಕೊಡಬೇಕಿತ್ತು. ಡಾಕ್ಟರ್ 160 ಎಂದು ಟೈಪ್ ಮಾಡಿದರು. ಅವರ ಮನಸ್ಸಿನಲ್ಲಿದ್ದದ್ದು 160 ಮಿಲಿಗ್ರಾಂ. ಆ ಖಾನೆ ನಿಂತಿದ್ದದ್ದು ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂಬಲ್ಲಿ. ಹುಡುಗನ ತೂಕ 38.6 ಕಿಲೋ. ಕಂಪ್ಯೂಟರ್ ಗುಣಿಸಿತು. ಒಂದು ಮಾತ್ರೆಯ ಬದಲು ಮೂವತ್ತೆಂಟೂವರೆ ಮಾತ್ರೆ. ಎಚ್ಚರಿಕೆ ಬಂತು. ಡಾಕ್ಟರೂ ಫಾರ್ಮಸಿಸ್ಟೂ ದಿನಾ ಬರುವ ಎಚ್ಚರಿಕೆಗಳಂತೆ ಇದನ್ನೂ ಮುಚ್ಚಿದರು. ಇಷ್ಟೊಂದು ಮಾತ್ರೆ ಯಾಕೆ ಎಂದು ನರ್ಸಿಗೆ ಅನುಮಾನ ಬಂತು. ಬಾರ್‌ಕೋಡ್ ಸ್ಕ್ಯಾನ್ ಮಾಡಿದರು. ಯಂತ್ರ "ಸರಿ ಇದೆ" ಎಂದಿತು. ಹುಡುಗನಿಗೆ ಫಿಟ್ಸ್ ಬಂತು. ಪುಣ್ಯಕ್ಕೆ ಬದುಕಿದ.

ಇವರೆಲ್ಲ ಚೆನ್ನಾಗಿ ಕಲಿತವರು. ಆದ್ದರಿಂದಲೇ ವೈದ್ಯಕೀಯ ಸಾಧನಗಳ ಮಾನದಂಡ ಐಇಸಿ 62366-1 "ಬಳಸಿದವರ ತಪ್ಪು" ಎನ್ನೋದಿಲ್ಲ, "ಬಳಕೆಯಲ್ಲಿ ಆದ ತಪ್ಪು" ಎನ್ನುತ್ತದೆ. ಮಾತು ಚಿಕ್ಕದು. ಆದರೆ ಹಾಗೆ ನೋಡಿದರೆ ಸಿಸ್ಟರಿಗೆ ಬೈಯುವ ಮೊದಲು ಸ್ಕ್ರೀನಿನ ಕಡೆ ತಿರುಗಿ ನೋಡುತ್ತೇವೆ.

ಕೈಬರಹಕ್ಕಿಂತ ಕಂಪ್ಯೂಟರ್ ಯಾವತ್ತೂ ಒಳ್ಳೆಯದೇ ತಾನೆ?

ಡಾಕ್ಟರ ಕೈಬರಹ ಓದಲಾಗದೆ ಒದ್ದಾಡಿದವಳು ನಾನು. ಕಂಪ್ಯೂಟರ್ ಬೇಡ ಎನ್ನುವವಳಲ್ಲ.

ಆದರೆ 2005ರಲ್ಲಿ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯ ಒಂದು ವರದಿ ಪ್ರಕಟವಾಯಿತು. ಬೇರೆ ಆಸ್ಪತ್ರೆಗಳಿಂದ ತುರ್ತಾಗಿ ಕಳಿಸಿದ ಮಕ್ಕಳಲ್ಲಿ ಸಾವು, ಕಂಪ್ಯೂಟರಿನಲ್ಲಿ ಆರ್ಡರ್ (ಡಾಕ್ಟರ್ ಕೊಡುವ ಔಷಧಿಯ ಸೂಚನೆ) ಬರೆಯುವ ಪದ್ಧತಿ ಬಂದ ಮೇಲೆ ಶೇಕಡಾ 2.80ರಿಂದ 6.57ಕ್ಕೆ ಏರಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಸಣ್ಣ ಸಣ್ಣ ಸಂಗತಿ. ಮೊದಲು ಮಗು ದಾರಿಯಲ್ಲಿರುವಾಗಲೇ ಔಷಧಿ ಸಿದ್ಧ ಮಾಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಮಗು ಬಂದು ನೋಂದಣಿ ಆಗುವ ತನಕ ಆರ್ಡರ್ ಬರೆಯಲು ಆಗುತ್ತಿರಲಿಲ್ಲ. ಕೈಯಲ್ಲಿ ಕೆಲವೇ ಸೆಕೆಂಡ್ ಹಿಡಿಯುತ್ತಿದ್ದ ಕೆಲಸಕ್ಕೆ ಒಂದೆರಡು ನಿಮಿಷದ ಕ್ಲಿಕ್ ಬೇಕಿತ್ತು. ಡಾಕ್ಟರ್ ಮಗುವಿನ ಪಕ್ಕ ಇರುವ ಬದಲು ಕಂಪ್ಯೂಟರ್ ಮುಂದೆ ಕೂತರು.

ಮರುವರ್ಷ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯವರು ತಮ್ಮ ವರದಿ ಹೊರತಂದರು. ಅಲ್ಲೂ ಅದೇ ಕಂಪನಿಯ ಸಾಫ್ಟ್‌ವೇರ್. ಅಲ್ಲಿ ಸಾವು ಏರಲಿಲ್ಲ. ಪಿಟ್ಸ್‌ಬರ್ಗ್‌ನ ಕಥೆ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ಸಾಫ್ಟ್‌ವೇರ್ ಒಂದೇ ಇದ್ದರೂ ಅದನ್ನು ನಮ್ಮ ವಾರ್ಡಿನ ಕೆಲಸಕ್ಕೆ ಹೇಗೆ ಹೊಂದಿಸಿದೆವು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಆದ್ದರಿಂದ "ದೊಡ್ಡ ಆಸ್ಪತ್ರೆಯಲ್ಲಿ ನಡೀತಿದೆ, ನಮ್ಮಲ್ಲೂ ನಡೆಯುತ್ತೆ" ಎನ್ನುವ ಮಾತನ್ನು ನಾನು ಒಪ್ಪೋದಿಲ್ಲ.

ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು?

ಒಂದು ದಿನ ಸುಮ್ನೆ ಕೂತು ನೋಡಿ. ಕೌಂಟರಿನ ಹಿಂದೆ, ನರ್ಸಿಂಗ್ ಸ್ಟೇಷನ್ನಿನ ಮೂಲೆಯಲ್ಲಿ. ಬಾಯಿ ಮುಚ್ಚಿಕೊಂಡು.

ನಮ್ಮ ಕಡೆ ಡೈರಿಗೆ ಹಾಲು ಹಾಕಿ, ಮನೆ ಕೆಲಸ ಮುಗಿಸಿ, ಬಸ್ಸು ಹಿಡಿದು ಜನ ಬರೋದು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಓಪಿಡಿ ತುಂಬಿ ತುಳುಕುತ್ತದೆ. ಆ ಹೊತ್ತಿನಲ್ಲೇ ನೋಡಬೇಕು. ಸಂಜೆ ನಾಲ್ಕಕ್ಕೆ ಹೋದರೆ ಎಲ್ಲ ಸಾಫ್ಟ್‌ವೇರೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಡ್ಯೂಟಿಯನ್ನೂ ಒಮ್ಮೆ ನೋಡಿ. ಶಿಫ್ಟ್ ಬದಲಾಗುವಾಗ, ಹ್ಯಾಂಡ್‌ಓವರ್ ಕೊಡುವಾಗ, ಸ್ಕ್ರೀನ್ ನೋಡಿ ಹೇಳುತ್ತಾರೋ ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡದ್ದನ್ನು ನೋಡಿ ಹೇಳುತ್ತಾರೋ ಗಮನಿಸಿ.

ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಗಳನ್ನು ಓದಿ. "ಮೊದಲು ಸೇವ್, ಆಮೇಲೆ ಪ್ರಿಂಟ್. ಮರೀಬೇಡಿ." "ಡಿಸ್ಚಾರ್ಜ್ ಬಟನ್ ಎರಡು ಸಲ ಒತ್ತಬೇಡಿ." ಹೊಸಬರು ಮುಗ್ಗರಿಸದಿರಲಿ ಎಂದು ಹಳಬರು ಬರೆದಿಟ್ಟದ್ದು ಅದು. ಒಂದೊಂದು ಚೀಟಿಯ ಹಿಂದೆಯೂ ಸ್ಕ್ರೀನಿನ ಒಂದೊಂದು ದೋಷ ಇದೆ. ಕಂಪ್ಯೂಟರ್ ಪಕ್ಕ ಒಂದು ನೋಟ್‌ಬುಕ್ ಇದ್ದರೆ ಅದರಲ್ಲಿ ಏನು ಬರೆಯುತ್ತಾರೆ, ಅದನ್ನು ಕಂಪ್ಯೂಟರಿನಲ್ಲಿ ಯಾಕೆ ಬರೆಯೋದಿಲ್ಲ ಎಂದು ಕೇಳಿ. ನನ್ನ ಅನುಭವದಲ್ಲಿ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಆಮೇಲೆ? ಎಷ್ಟು ಜನರನ್ನು ಕೂರಿಸಬೇಕು?

ಐದು ಜನರಿಂದ ಶುರು ಮಾಡಿ. ಈ ಲೆಕ್ಕ ಸಾಫ್ಟ್‌ವೇರ್ ಬಳಕೆಯ ಬಗ್ಗೆ ಸಂಶೋಧನೆ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟದ್ದು. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರ ಸರಾಸರಿ ಶೇಕಡಾ 31ರಷ್ಟು ತೊಂದರೆಗಳನ್ನು ಬಯಲಿಗೆ ತರುತ್ತಿದ್ದ. ಹಾಗೆ ಲೆಕ್ಕ ಹಾಕಿದರೆ ಐದನೆಯವರ ಹೊತ್ತಿಗೆ ಸುಮಾರು ಶೇಕಡಾ 85ರಷ್ಟು ಸಿಕ್ಕಿರುತ್ತದೆ.

ಎರಡು ಎಚ್ಚರಿಕೆ. ಐದು ಎಂದರೆ ಒಂದೊಂದು ಗುಂಪಿಗೆ ಐದು. ಡಾಕ್ಟರಿಗೆ ಐದು, ಸಿಸ್ಟರಿಗೆ ಐದು, ಬಿಲ್ಲಿಂಗ್ ಕೌಂಟರಿಗೆ ಐದು. ಇನ್ನೊಂದು, ಐದು ಜನ ಸಾಕಾಗೋದು ತೊಂದರೆ ಹುಡುಕಲು. "ಇದು ಸುರಕ್ಷಿತ" ಎಂದು ಸಾಬೀತು ಮಾಡಲು ಸಾಕಾಗೋದಿಲ್ಲ. ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರ ತನ್ನ ಮಾರ್ಗಸೂಚಿಯಲ್ಲಿ ಕೊನೆಯ ಹಂತದ ಪರೀಕ್ಷೆಗೆ ಪ್ರತಿ ಗುಂಪಿನಿಂದ ಕನಿಷ್ಠ 15 ಜನ ಬೇಕು ಎನ್ನುತ್ತದೆ.

ಚುರುಕಾದವರನ್ನೇ ಆರಿಸಬೇಡಿ. ಮ್ಯಾನೇಜರುಗಳು ಯಾವಾಗಲೂ ಕಂಪ್ಯೂಟರ್ ಚೆನ್ನಾಗಿ ಬಲ್ಲ ಹುಡುಗಿಯನ್ನೇ ಕಳಿಸುತ್ತಾರೆ. ನನಗೆ ಬೇಕಾದದ್ದು ನಿವೃತ್ತಿಗೆ ಎರಡು ವರ್ಷ ಇರುವ, ಕನ್ನಡಕ ಮರೆತು ಬಂದ ಹಿರಿಯ ಸಿಸ್ಟರ್. ನಿನ್ನೆ ಸೇರಿದ ಹುಡುಗಿಯೂ ಬೇಕು.

ಅವರಿಂದ ಏನು ಮಾಡಿಸಬೇಕು?

ಕೆಲಸ ಕೊಡಿ, ದಾರಿ ಹೇಳಬೇಡಿ. "ರಿಪೋರ್ಟ್ ಮೆನುಗೆ ಹೋಗಿ ಪೊಟ್ಯಾಸಿಯಂ ನೋಡಿ" ಎಂದರೆ ಉತ್ತರ ನೀವೇ ಹೇಳಿಕೊಟ್ಟ ಹಾಗಾಯಿತು. ಹೀಗೆ ಹೇಳಿ: "ಆರನೇ ಹಾಸಿಗೆಯ ಅಜ್ಜಿಗೆ ಇವತ್ತಿನ ಪೊಟ್ಯಾಸಿಯಂ ಎಷ್ಟು ಬಂದಿದೆ? ಡ್ಯೂಟಿ ಡಾಕ್ಟರ್ ಫೋನಿನಲ್ಲಿ ಕಾಯ್ತಿದ್ದಾರೆ."

ನಾನು ಸಾಮಾನ್ಯವಾಗಿ ಆರೇಳು ಕೆಲಸ ಕೊಡುತ್ತೇನೆ. ಹೊಸ ರೋಗಿಯ ನೋಂದಣಿ, ಅದೇ ಹೆಸರಿನ ಹಳೆಯ ರೋಗಿಯನ್ನು ಹುಡುಕೋದು, ಔಷಧಿಯ ಡೋಸ್ ಬದಲಾಯಿಸೋದು, ಅಲರ್ಜಿ ಬರೆಯೋದು, ತಪ್ಪಾಗಿ ಬರೆದದ್ದನ್ನು ತಿದ್ದೋದು. ಕೊನೆಯದನ್ನು ಬಿಡಲೇಬೇಡಿ. ಬರೆಯಲು ಸುಲಭ, ತಿದ್ದಲು ಕಷ್ಟ ಎನ್ನುವ ಸಾಫ್ಟ್‌ವೇರ್ ತುಂಬಾ ಇವೆ.

ಕೆಲಸದ ಮಧ್ಯೆ ಬೇಕೆಂದೇ ಒಮ್ಮೆ ಕರೆಯಿರಿ. "ಸಿಸ್ಟರ್, ಡ್ರಿಪ್ ಮುಗೀತು ಬನ್ನಿ!" ಎದ್ದು ಹೋಗಿ ಎರಡು ನಿಮಿಷ ಬಿಟ್ಟು ಬರಲಿ. ಬಂದಾಗ ಸ್ಕ್ರೀನ್ ಎಲ್ಲಿತ್ತೋ ಅಲ್ಲೇ ಇದೆಯೇ, ಲಾಗೌಟ್ ಆಗಿ ಬರೆದದ್ದೆಲ್ಲ ಅಳಿಸಿಹೋಗಿದೆಯೇ, ಇಲ್ಲ ಮಧ್ಯದಲ್ಲಿ ಬೇರೆಯವರು ಬಂದು ಬೇರೆ ರೋಗಿಯ ಪುಟ ತೆರೆದಿದ್ದಾರೆಯೇ? ವಾರ್ಡಿನಲ್ಲಿ ಒಂದು ಕೆಲಸವನ್ನು ಒಂದೇ ಉಸಿರಿನಲ್ಲಿ ಮುಗಿಸಿದ ದಿನ ನನಗೆ ನೆನಪಿಲ್ಲ.

ಮಾಡುತ್ತಾ ಮಾಡುತ್ತಾ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲು ಹೇಳಿ. ಮುಳಬಾಗಿಲಿನವರು ತೆಲುಗಿನಲ್ಲಿ ಯೋಚಿಸುತ್ತಾರೆ, ಕೆಜಿಎಫ್‌ನವರು ತಮಿಳಿನಲ್ಲಿ. ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಹೇಳಲಿ. ಕನ್ನಡದಲ್ಲೇ ಹೇಳಿ ಎಂದು ಕಟ್ಟು ಹಾಕಿದರೆ ಮಾತು ನಿಲ್ಲುತ್ತದೆ. ನೀವು ಬರೆದುಕೊಳ್ಳಬೇಕಾದದ್ದು ಇಷ್ಟೇ: ಎಲ್ಲಿ ನಿಂತರು, ಎಲ್ಲಿ ತಪ್ಪು ಒತ್ತಿದರು, ತಪ್ಪಾದದ್ದು ಅವರಿಗೆ ಗೊತ್ತಾಯಿತೇ, ಎಷ್ಟು ಹೊತ್ತು ಹಿಡಿಯಿತು.

ಎಲ್ಲರೂ "ಚೆನ್ನಾಗಿದೆ ಮೇಡಂ" ಅಂತಾರೆ. ಏನು ಮಾಡೋದು?

ಅದು ಮರ್ಯಾದೆಯ ಮಾತು, ಅಭಿಪ್ರಾಯ ಅಲ್ಲ. ಮನೆಗೆ ಬಂದವರು ಕಾಫಿ ಚೆನ್ನಾಗಿಲ್ಲ ಎನ್ನುತ್ತಾರಾ?

ಮೂರು ಕೆಲಸ ಮಾಡಿ. ಡಾಕ್ಟರ್, ಮ್ಯಾನೇಜರ್, ಕಂಪನಿಯವರು ಯಾರೂ ಆ ರೂಮಿನಲ್ಲಿ ಇರಬಾರದು. ಶುರುವಿನಲ್ಲೇ ಹೇಳಿ: "ಅಕ್ಕ, ಇದು ನಿಮ್ಮ ಪರೀಕ್ಷೆ ಅಲ್ಲ, ಈ ಸ್ಕ್ರೀನಿನ ಪರೀಕ್ಷೆ. ನಿಮಗೆ ಎಲ್ಲಿ ಗೊತ್ತಾಗಲಿಲ್ಲವೋ ಅಲ್ಲಿ ಅದು ಫೇಲ್." ಮತ್ತೆ, "ಹೇಗಿದೆ?" ಎಂದು ಕೇಳಬೇಡಿ. "ಹೊಸದಾಗಿ ಸೇರಿದವರಿಗೆ ಇದರಲ್ಲಿ ಏನು ಎಚ್ಚರಿಕೆ ಹೇಳ್ತೀರಾ?" ಎಂದು ಕೇಳಿ. ಆಗ ನೋಡಿ, ಮಾತು ನಿಲ್ಲೋದೇ ಇಲ್ಲ.

ನಮ್ಮ ಕೋಲಾರದ ಕಡೆ ವಿಶೇಷವಾಗಿ ಏನು ನೋಡಬೇಕು?

ಹೆಸರು. ಮೊದಲು ಅದನ್ನೇ ನೋಡಿ.

ಮುನಿಯಪ್ಪ, ಮುನಿಯಮ್ಮ, ಮುನಿವೆಂಕಟಪ್ಪ, ಮುನಿರತ್ನಮ್ಮ, ನಾರಾಯಣಸ್ವಾಮಿ, ವೆಂಕಟಲಕ್ಷ್ಮಮ್ಮ. ಒಂದೊಂದು ಊರಿನಲ್ಲಿ ಹತ್ತತ್ತು ಜನ. ಮನೆತನದ ಹೆಸರು ಬರೆಯುವ ರೂಢಿ ಜಾಸ್ತಿ ಇಲ್ಲ. ಆದರೆ ಸಾಫ್ಟ್‌ವೇರ್ "ಕೊನೆಯ ಹೆಸರು" ಕಡ್ಡಾಯ ಎನ್ನುತ್ತದೆ. ಕೌಂಟರಿನ ಹುಡುಗ ಒಂದು ಚುಕ್ಕೆ ಹಾಕಿ ಮುಂದೆ ಹೋಗುತ್ತಾನೆ. ಹುಟ್ಟಿದ ತಾರೀಖು ವಯಸ್ಸಾದವರಿಗೆ ಗೊತ್ತಿರೋದಿಲ್ಲ. "ಒಂದು ಅರವತ್ತು ಹಾಕ್ಕೊಳ್ಳಪ್ಪ" ಎನ್ನುತ್ತಾರೆ. ಹಾಗಾಗಿ ಜನವರಿ 1ರಂದು ಹುಟ್ಟಿದ, ಅರವತ್ತು ವರ್ಷದ ಮುನಿಯಮ್ಮಂದಿರು ಸಾಲಾಗಿ ನಿಲ್ಲುತ್ತಾರೆ. ಇನ್ನು ಇಂಗ್ಲಿಷಿನಲ್ಲಿ ಬರೆದರೆ ಲಕ್ಷ್ಮಮ್ಮನಿಗೆ ಒಬ್ಬರು ಕೆ, ಎಸ್, ಎಚ್ ಹಾಕುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಹುಡುಕಿದರೆ ಸಿಗೋದಿಲ್ಲ. ಒಬ್ಬರಿಗೇ ಎರಡನೇ ಫೈಲ್ ಆಗುತ್ತದೆ, ಹಳೆಯ ಅಲರ್ಜಿ ಹಳೆಯ ಫೈಲಿನಲ್ಲೇ ಉಳಿಯುತ್ತದೆ.

ನಾನು ಈ ಕೆಲಸಕ್ಕೆ ಬಂದದ್ದೇ ಇಂಥ ಒಂದು ರಾತ್ರಿಯಿಂದ. ಆಸ್ಪತ್ರೆಯ ಹೆಸರು ಬೇಡ. ವಾರ್ಡಿನಲ್ಲಿ ಇಬ್ಬರು ಮುನಿಯಮ್ಮ ಇದ್ದರು. ಇಬ್ಬರಿಗೂ ಅರವತ್ತು. ಒಬ್ಬರಿಗೆ ವಾಂತಿ ಭೇದಿಯಾಗಿ ಪೊಟ್ಯಾಸಿಯಂ ಇಳಿದಿತ್ತು. ಇನ್ನೊಬ್ಬರು ಕಿಡ್ನಿ ತೊಂದರೆಯವರು. ರಿಪೋರ್ಟ್ ಸ್ಕ್ರೀನಿನಲ್ಲಿ ಕಾಣುತ್ತಿದ್ದದ್ದು ಹೆಸರು, ವಯಸ್ಸು ಎರಡೇ. ನಾನು ಮೇಲಿನ ಸಾಲು ತೆರೆದೆ. ಕಡಿಮೆ ಪೊಟ್ಯಾಸಿಯಂ ರಿಪೋರ್ಟನ್ನು ಕಿಡ್ನಿಯವರದ್ದು ಎಂದುಕೊಂಡು ಡ್ಯೂಟಿ ಡಾಕ್ಟರಿಗೆ ಓದಿದೆ. ಅವರು ಪೊಟ್ಯಾಸಿಯಂ ಡ್ರಿಪ್ ಹೇಳಿದರು. ಬಾಟಲಿಗೆ ಬೆರೆಸಿ ಸ್ಟ್ಯಾಂಡಿಗೆ ತೂಗುಹಾಕಿದ್ದೆ. ಕೆಲಸ ಮಾಡದ ಕಿಡ್ನಿ ಇರುವವರಿಗೆ ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು. ಪಕ್ಕದಲ್ಲಿದ್ದ ಮಗಳು, "ಅಕ್ಕಾ, ನಮ್ಮಮ್ಮಂಗೆ ಇವತ್ತು ರಕ್ತ ತಗೊಂಡೇ ಇಲ್ವಲ್ಲ?" ಎಂದಳು. ನನ್ನ ಕೈ ಅಲ್ಲೇ ನಿಂತಿತು.

ಮೆಮೊ ನನಗೆ ಬಂತು. ಸ್ಕ್ರೀನ್ ಹಾಗೇ ಉಳಿಯಿತು.

ಆದ್ದರಿಂದ ಇದನ್ನು ಪರೀಕ್ಷೆ ಮಾಡಿಯೇ ಮಾಡಿ. ಒಂದೇ ಹೆಸರಿನ, ಒಂದೇ ವಯಸ್ಸಿನ ನಾಲ್ವರನ್ನು ಸೇರಿಸಿ. ಊರು, ಗಂಡ ಅಥವಾ ತಂದೆಯ ಹೆಸರು, ಹಾಸಿಗೆ ನಂಬರು, ಆಸ್ಪತ್ರೆಯ ನಂಬರು ಎಲ್ಲ ಸ್ಕ್ರೀನಿನಲ್ಲೂ ತಲೆಯ ಮೇಲೇ ಕಾಣಬೇಕು. ಕೆಳಗೆ ಎಳೆದರೂ ಅದು ಮರೆಯಾಗಬಾರದು. ಸರ್ಕಾರದ ಆರೋಗ್ಯ ಗುರುತಿನ ಚೀಟಿಯಾದ ಆಭಾ ಕಾರ್ಡಿನ 14 ಅಂಕಿಯ ನಂಬರು ಇದ್ದರೆ ಸಹಾಯ ಆಗುತ್ತದೆ. ಆದರೆ ಎಲ್ಲರ ಹತ್ತಿರ ಇರೋದಿಲ್ಲ, ಇದ್ದವರೂ ತಂದಿರೋದಿಲ್ಲ. ಅದೊಂದನ್ನೇ ನಂಬಬೇಡಿ.

ಔಷಧಿ ಬರೆಯುವ ಸ್ಕ್ರೀನಿನಲ್ಲಿ ಏನು ಗಮನಿಸಬೇಕು?

ಮೊದಲು ಅಳತೆ. ಅಂಕಿ ಬರೆಯುವ ಖಾನೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಮಿಲಿಗ್ರಾಮೋ ಮಿಲಿಲೀಟರೋ ಕಾಣಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಹುಡುಗನನ್ನು ನೆನೆಸಿಕೊಳ್ಳಿ.

ಇನ್ಸುಲಿನ್ ನಮ್ಮ ದೇಶದ ವಿಶೇಷ ತಲೆನೋವು. ಇಲ್ಲಿ ವಯಲ್‌ಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನಲ್ಲಿ ಹಾಕುವ ಕಾರ್ಟ್ರಿಡ್ಜ್ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರು. ಸ್ಕ್ರೀನಿನಲ್ಲಿ "ಇನ್ಸುಲಿನ್ 20" ಎಂದಷ್ಟೇ ಇದ್ದರೆ ಅದು ಅರ್ಧ ಮಾತು. ಹೊರದೇಶದ ಸಾಫ್ಟ್‌ವೇರಿನಲ್ಲಿ 40ರ ಆಯ್ಕೆಯೇ ಇಲ್ಲದೆ ಇರಬಹುದು, ತೆರೆದು ನೋಡಿ.

ಸೊನ್ನೆ, ಚುಕ್ಕೆ. 1.0 ಎಂದು ಬರೆದರೆ ಚುಕ್ಕೆ ಕಾಣದೆ 10 ಆಗುತ್ತದೆ. ಮುಂದೆ ಸೊನ್ನೆ ಇಲ್ಲದ .5 ನೋಡನೋಡುತ್ತಲೇ 5 ಆಗುತ್ತದೆ. ಸಾಫ್ಟ್‌ವೇರ್ 1 ಮತ್ತು 0.5 ಎಂದೇ ತೋರಿಸಬೇಕು.

ಪಟ್ಟಿಯಿಂದ ಔಷಧಿ ಆರಿಸುವಾಗ ಹೈಡ್ರಾಲಜಿನ್ ಮತ್ತು ಹೈಡ್ರಾಕ್ಸಿಜಿನ್ ಅಕ್ಕಪಕ್ಕ ಬರುತ್ತವೆ. ಒಂದು ಬಿಪಿಗೆ, ಇನ್ನೊಂದು ತುರಿಕೆಗೆ. ಬೇರೆಯಾಗುವ ಅಕ್ಷರಗಳನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ತೋರಿಸುವ ಪದ್ಧತಿ ಇದೆ. ಅದರ ಜೊತೆ, ಮೂರೇ ಅಕ್ಷರ ಟೈಪ್ ಮಾಡಿದಾಗ ಪಟ್ಟಿ ತೆರೆಯದೆ ಐದು ಅಕ್ಷರದ ತನಕ ಕಾಯುವಂತೆ ಮಾಡಿದರೆ ಇನ್ನೂ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಎಚ್ಚರಿಕೆಯ ಪಾಪ್‌ಅಪ್ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ತೋಳ ಬಂತು ತೋಳ ಕಥೆ ಎಲ್ಲರಿಗೂ ಗೊತ್ತು. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಔಷಧಿಯ ಎಚ್ಚರಿಕೆಗಳಲ್ಲಿ ಶೇಕಡಾ 49ರಿಂದ 96ರಷ್ಟನ್ನು ಡಾಕ್ಟರುಗಳು ದಾಟಿಕೊಂಡು ಹೋಗುತ್ತಿದ್ದದ್ದು ಕಂಡಿತು.

ಪರೀಕ್ಷೆ ಹೀಗೆ ಮಾಡಿ. ಒಂದು ಓಪಿಡಿ ಹೊತ್ತಿನಲ್ಲಿ ಎಷ್ಟು ಪಾಪ್‌ಅಪ್ ಬಂತು, ಎಷ್ಟನ್ನು ಓದಿದರು ಎಂದು ಗೀಟು ಹಾಕಿ. ಮುಚ್ಚಿದ ಕೂಡಲೇ "ಈಗ ಬಂದದ್ದರಲ್ಲಿ ಏನಿತ್ತು ಡಾಕ್ಟ್ರೇ?" ಎಂದು ಕೇಳಿ. ಹೇಳಲು ಬರದಿದ್ದರೆ ಆ ಪಾಪ್‌ಅಪ್ ಇದ್ದೂ ಇಲ್ಲದ ಹಾಗೆ. ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಅದೇ ಜಾತಿಯ ಅಮಾಕ್ಸಿಸಿಲಿನ್ ಬರೆದಾಗ ತಡೆಯಬೇಕು, ಕಾರಣ ಬರೆಯದೆ ಮುಂದೆ ಬಿಡಬಾರದು. ಫೋನ್ ನಂಬರ್ ಹಾಕಿಲ್ಲ ಎನ್ನುವುದಕ್ಕೆ ಅದೇ ಕೆಂಪು ಪೆಟ್ಟಿಗೆ ಬೇಡ.

ಅಂಕ ಕೊಡುವ ವಿಧಾನ ಏನಾದರೂ ಇದೆಯಾ?

ಇದೆ. ಸಿಸ್ಟಮ್ ಯೂಸಬಿಲಿಟಿ ಸ್ಕೇಲ್. ಜಾನ್ ಬ್ರೂಕ್ ಎಂಬುವರು 1986ರಲ್ಲಿ ಮಾಡಿದ್ದು. ಹತ್ತು ವಾಕ್ಯ, ಒಂದೊಂದಕ್ಕೂ 1ರಿಂದ 5. ಬೆಸ ಸಂಖ್ಯೆಯ ವಾಕ್ಯಗಳು ಹೊಗಳಿಕೆ, ಸಮ ಸಂಖ್ಯೆಯವು ತೆಗಳಿಕೆ. ಬೆಸ ವಾಕ್ಯದ ಅಂಕದಿಂದ 1 ಕಳೆಯಿರಿ. ಸಮ ವಾಕ್ಯದ ಅಂಕವನ್ನು 5ರಿಂದ ಕಳೆಯಿರಿ. ಎಲ್ಲ ಕೂಡಿಸಿ 2.5ರಿಂದ ಗುಣಿಸಿದರೆ 100ಕ್ಕೆ ಇಷ್ಟು ಎಂದು ಬರುತ್ತದೆ. ಸರಾಸರಿ ಸುಮಾರು 68. ಅದು ಶೇಕಡಾವಾರು ಅಲ್ಲ, ಪರೀಕ್ಷೆಯ ಮಾರ್ಕ್ಸ್ ಹಾಗೆ ಓದಬೇಡಿ.

ಕನ್ನಡದಲ್ಲಿ ಕೇಳುವಾಗ ತೆಗಳಿಕೆಯ ವಾಕ್ಯಗಳು ತಿರುಗಾಮುರುಗಾ ಆಗುತ್ತವೆ. "ಇದು ಸುಮ್ನೆ ತೊಡಕಾಗಿದೆ, ಒಪ್ಪುತ್ತೀರಾ?" ಎಂದರೆ "ಇಲ್ಲ, ಚೆನ್ನಾಗಿದೆ" ಎಂದು 5ಕ್ಕೆ ಗುರುತು ಹಾಕಿಬಿಡುತ್ತಾರೆ. ಕಾಗದ ಕೊಟ್ಟು ಬಿಡದೆ ಬಾಯಲ್ಲಿ ಕೇಳಿ ತುಂಬಿ. ಮತ್ತೆ, ಈ ಅಂಕ ಸಮಾಧಾನವನ್ನು ಅಳೆಯುತ್ತದೆ, ಸುರಕ್ಷತೆಯನ್ನಲ್ಲ. 85 ಅಂಕ ಬಂದ ಸ್ಕ್ರೀನಿನಲ್ಲೇ ಇಬ್ಬರು ಮುನಿಯಮ್ಮ ಅದಲು ಬದಲಾಗಬಹುದು.

ಬಳಸುವವರಿಗೆ ಬಿಡುವೇ ಇಲ್ಲ. ಅವರಿಲ್ಲದೆ ಪರೀಕ್ಷೆ ಆಗುತ್ತಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಸ್ಕ್ರೀನ್ ಹೇಗಿರಬೇಕು ಎಂಬುದಕ್ಕೆ ನೀಲ್ಸನ್ ಅವರ ಹತ್ತು ನಿಯಮಗಳಿವೆ. 2003ರಲ್ಲಿ ವೈದ್ಯಕೀಯ ಸಾಧನಗಳಿಗೆಂದೇ 14 ನಿಯಮಗಳ ಪಟ್ಟಿಯೂ ಬಂತು. ಇಬ್ಬರು ಮೂವರು ಬೇರೆ ಬೇರೆಯಾಗಿ ಕೂತು ಪ್ರತಿ ಸ್ಕ್ರೀನನ್ನೂ ಅದಕ್ಕೆ ಹಿಡಿದು ನೋಡಬೇಕು, ಆಮೇಲೆ ಸೇರಿಸಬೇಕು. ಅವರಲ್ಲಿ ಒಬ್ಬರಾದರೂ ವಾರ್ಡಿನಲ್ಲಿ ಕೆಲಸ ಮಾಡಿದವರಿರಲಿ.

ಸ್ಕ್ರೀನ್ ಕನ್ನಡದಲ್ಲಿ ಇದ್ದರೆ ಎಲ್ಲ ಸರಿಹೋಗುತ್ತಾ?

ರೋಗಿಗಳು ನೋಡುವ ಸ್ಕ್ರೀನ್ ಕನ್ನಡದಲ್ಲಿ ಇರಲೇಬೇಕು. ಆದರೆ ಎಂಥ ಕನ್ನಡ?

ಲ್ಯಾಬಿನ ಸಂದೇಶದಲ್ಲಿ "ಉಪವಾಸ ಇದ್ದು ಬನ್ನಿ" ಎಂದಿತ್ತು. ಒಬ್ಬ ಅಜ್ಜಿ ಬೆಳಿಗ್ಗೆ ಅವಲಕ್ಕಿ, ಬಾಳೆಹಣ್ಣು ತಿಂದು, ಕಾಫಿ ಕುಡಿದು ಬಂದರು. ಅವರ ತಪ್ಪೇನು? ಏಕಾದಶಿ ಉಪವಾಸ ಎಂದರೆ ನಮ್ಮಲ್ಲಿ ಅನ್ನ ಬಿಡೋದು ಅಷ್ಟೆ. "ಖಾಲಿ ಹೊಟ್ಟೆಯಲ್ಲಿ ಬನ್ನಿ, ನೀರು ಕುಡಿಯಬಹುದು" ಎಂದು ಬದಲಾಯಿಸಿದೆವು.

ಇನ್ನೊಂದು ಆಪ್ "ಅಪಾಯಿಂಟ್‌ಮೆಂಟ್ ರದ್ದು ಮಾಡಬೇಕೆ?" ಎಂದು ಕೇಳಿ ಕೆಳಗೆ ಎರಡು ಬಟನ್ ಕೊಟ್ಟಿತ್ತು: "ಸರಿ", "ರದ್ದು". ರದ್ದು ಮಾಡಬೇಕಾದವರು "ರದ್ದು" ಒತ್ತುತ್ತಾರೆ. ಅಪಾಯಿಂಟ್‌ಮೆಂಟ್ ಹಾಗೇ ಇರುತ್ತದೆ. "ಹೌದು, ರದ್ದು ಮಾಡಿ" ಮತ್ತು "ಬೇಡ, ಇರಲಿ" ಎಂದರೆ ಮುಗಿಯಿತು.

ಅಕ್ಷರದ ವಿಷಯ. ಇಂಗ್ಲಿಷಿಗೆ ಅಳೆದು ಮಾಡಿದ ಸಾಲಿನಲ್ಲಿ ಕನ್ನಡದ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಜಾಸ್ತಿ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಯೂನಿಕೋಡ್ ಅಲ್ಲದೆ ಬರೆದಿಟ್ಟ ಹೆಸರುಗಳು ಈಗಿನ ಸಾಫ್ಟ್‌ವೇರಿನಲ್ಲಿ ಹುಡುಕಿದರೆ ಸಿಗೋದಿಲ್ಲ, ಅದನ್ನೂ ನೋಡಿಕೊಳ್ಳಿ. ಸಿಸ್ಟರುಗಳ ಸ್ಕ್ರೀನಿನಲ್ಲಿ ಮಾತ್ರ "ಬಿಪಿ", "ಪಲ್ಸ್", "ಸೇವ್" ಇರಲಿ. ಅವರು ಕಲಿತದ್ದು, ದಿನಾ ಆಡೋದು ಅದೇ.

ಆಶಾ ಕಾರ್ಯಕರ್ತೆಯರ, ಹಳ್ಳಿಗಳಲ್ಲಿ ಓಡಾಡುವ ಎಎನ್‌ಎಂ ಸಿಸ್ಟರುಗಳ ಮೊಬೈಲ್ ಆಪ್‌ಗೂ ಇದೇ ಪರೀಕ್ಷೆ ಸಾಕಾ?

ಸಾಕಾಗೋದಿಲ್ಲ, ಅವರ ಜೊತೆ ಹೋಗಬೇಕು. ಬಿಸಿಲಿನಲ್ಲಿ ಸ್ಕ್ರೀನ್ ಕಾಣುತ್ತದೆಯೇ? ಮಾವಿನ ತೋಪಿನ ನಡುವಿನ ಮನೆಯಲ್ಲಿ ನೆಟ್‌ವರ್ಕ್ ಹೋದರೆ ಬರೆದದ್ದು ಉಳಿಯುತ್ತದೆಯೇ? ತಾಯಿ ಕಾರ್ಡ್, ರಿಜಿಸ್ಟರ್, ಆಪ್ ಮೂರಕ್ಕೂ ಅದೇ ತೂಕ, ಅದೇ ಬಿಪಿ ಬರೆಯುತ್ತಿದ್ದಾರೆಯೇ? ಅತ್ತೆಯ ಎದುರಿಗೆ ಸೊಸೆಯನ್ನು ಕೇಳಲಾಗದ ಪ್ರಶ್ನೆಗೆ ಆಪ್ ಕಡ್ಡಾಯ ಉತ್ತರ ಕೇಳುತ್ತಿದೆಯೇ? ಕೇಳಿದರೆ ಅಲ್ಲಿ ಸುಳ್ಳು ಉತ್ತರವೇ ತುಂಬುತ್ತದೆ. ಅದು ಆಶಾ ಅಕ್ಕನ ತಪ್ಪಲ್ಲ.

ನಿಜವಾದ ರೋಗಿಗಳ ಮಾಹಿತಿ ಬಳಸಬಹುದಾ?

ಬೇಡ. ಸುಳ್ಳು ಹೆಸರು, ಸುಳ್ಳು ನಂಬರುಗಳ ರೋಗಿಗಳನ್ನು ಮಾಡಿಕೊಳ್ಳಿ. ವಿಡಿಯೋ ತೆಗೆದರೆ ಸ್ಕ್ರೀನ್ ಮತ್ತು ಕೈ ಮಾತ್ರ, ಅದೂ ಒಪ್ಪಿಗೆ ಕೇಳಿ.

ಕಾನೂನಿನಲ್ಲಿ ಏನಿದೆ?

ರೋಗ ಪತ್ತೆ ಅಥವಾ ಚಿಕಿತ್ಸೆಗೆಂದು ಮಾಡಿದ ಸಾಫ್ಟ್‌ವೇರ್ 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ಬರೀ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ವಿಷಯ.

ತುಂಬಾ ತೊಂದರೆ ಸಿಕ್ಕಿವೆ. ಮೊದಲು ಯಾವುದನ್ನು ಸರಿಮಾಡಿಸಬೇಕು?

ಮಾಮೂಲಿ ಆಪ್‌ಗಳಲ್ಲಿ ಎಷ್ಟು ಜನರಿಗೆ ಆಯಿತು ಎಂದು ನೋಡುತ್ತಾರೆ. ಇಲ್ಲಿ ಆ ಲೆಕ್ಕ ನಡೆಯೋದಿಲ್ಲ. ಐವರಲ್ಲಿ ಒಬ್ಬರಿಗೇ ಆದರೂ, ಆ ತಪ್ಪಿನಿಂದ ರೋಗಿಗೆ ಏನಾಗಬಹುದು ಎಂದು ಮೊದಲು ಕೇಳಿ. ಎರಡನೇ ಪ್ರಶ್ನೆ, ತಪ್ಪು ಆದದ್ದು ಗೊತ್ತಾಗುತ್ತದೆಯೇ? ಗೊತ್ತಾಗದ ತಪ್ಪು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹೋಗಬೇಕು. ಬಣ್ಣ, ಬಟನ್ನಿನ ಜಾಗ, ಐದು ಕ್ಲಿಕ್ಕಿನ ಕಿರಿಕಿರಿ ಆಮೇಲೆ. ಆದರೆ ಕಿರಿಕಿರಿಯನ್ನು ಮರೆಯಬೇಡಿ, ಬೇಸತ್ತವರು ಅಡ್ಡದಾರಿ ಹುಡುಕುತ್ತಾರೆ.

ಇನ್ನೂ ಕೊಂಡಿಲ್ಲ. ಡೆಮೊ ನೋಡಲು ಹೋಗ್ತಿದ್ದೇವೆ. ಏನು ನೋಡಬೇಕು?

ಮೌಸ್ ಯಾರ ಕೈಯಲ್ಲಿದೆ ನೋಡಿ. ಕಂಪನಿಯವರು ಓಡಿಸಿದರೆ ಎಲ್ಲವೂ ಬೆಣ್ಣೆಯ ಹಾಗೆ ಸಾಗುತ್ತದೆ. ನಿಮ್ಮ ಸಿಸ್ಟರ್, ನಿಮ್ಮ ಕೌಂಟರಿನ ಹುಡುಗ ಕೂತು ಓಡಿಸಲಿ, ಯಾರೂ ಹೇಳಿಕೊಡದೆ. ನಾಲ್ಕು ಮುನಿಯಮ್ಮಂದಿರ ಪರೀಕ್ಷೆ ಅಲ್ಲೇ ಮಾಡಿ. ಕರೆಂಟ್ ಹೋಗಿ ಬಂದರೆ ಏನಾಗುತ್ತದೆ ಎಂದು ಪ್ಲಗ್ ತೆಗೆಸಿ ನೋಡಿ.

ತೊಂದರೆ ತೋರಿಸಿದರೂ ಕಂಪನಿಯವರು "ನಿಮ್ಮವರಿಗೆ ಬರೋದಿಲ್ಲ" ಅಂತಾರೆ. ಏನು ಮಾಡೋದು?

ವರದಿ ಕಳಿಸಬೇಡಿ, ವಿಡಿಯೋ ತೋರಿಸಿ. ಸಿಸ್ಟರ್ ಒಂದು ಬಟನ್ ಹುಡುಕುತ್ತಾ ನಿಂತ ನಲವತ್ತು ಸೆಕೆಂಡಿನ ತುಣುಕು ಸಾಕು. ಒಬ್ಬರದಲ್ಲ, ಮೂವರದು, ಒಂದರ ಹಿಂದೆ ಒಂದು. ಮೂವರೂ ಅದೇ ಜಾಗದಲ್ಲಿ ತಡವರಿಸೋದನ್ನು ಕಂಡ ಮೇಲೆ "ನಿಮ್ಮವರಿಗೆ ಬರೋದಿಲ್ಲ" ಎಂಬ ಮಾತು ಅವರ ಬಾಯಿಂದ ಬರೋದು ಕಷ್ಟ.

ಸಾಧ್ಯವಾದರೆ ಸಾಫ್ಟ್‌ವೇರ್ ಬರೆದ ಹುಡುಗನನ್ನೇ ಒಂದು ರಾತ್ರಿ ಡ್ಯೂಟಿಗೆ ಕರೆಸಿ. ಹೋದ ವರ್ಷ ಹಾಗೆ ಒಬ್ಬ ಬಂದಿದ್ದ. ಬೆಳಗಿನ ಜಾವ ಮೂರಕ್ಕೆ ಸಿಸ್ಟರ್ ಒಂದು ಕೈಯಲ್ಲಿ ಮಗುವಿನ ಡ್ರಿಪ್ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವನ ಸ್ಕ್ರೀನಿನ ಸಣ್ಣ ಬಾಣವನ್ನು ಒತ್ತಲು ಮೂರು ಸಲ ಪ್ರಯತ್ನ ಪಟ್ಟರು. ಅವನು ಏನೂ ಹೇಳಲಿಲ್ಲ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ವಾರ್ಡಿನ ಬೆಂಚಿನ ಮೇಲೆ ಕೂತು, ಬೆಳಗಾಗುವ ಹೊತ್ತಿಗೆ ಆ ಬಾಣವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿದ್ದ.